ಏರಿನಲ್ಲಿ ನಿಂತ ಕಾರು

ಬಿಷ್ಕೆಕ್ ನಗರದಲ್ಲಿ ಎಸೆನ್‌ನಿಂದ ಬೈಸಿಕೊಳ್ಳದೆ ಡ್ರೈವಿಂಗ್ ಕಲಿತವರು ಕಡಿಮೆ. ಕ್ಲಚ್ ಮೇಲೆ ಸುಮ್ಮನೆ ಕಾಲಿಟ್ಟುಕೊಂಡು ಓಡಿಸುವ ಶಿಷ್ಯರನ್ನು ಕಂಡರೆ ಅವನಿಗೆ ಮೈಯೆಲ್ಲ ಉರಿಯುತ್ತಿತ್ತು. ಅಂಥ ಮೇಷ್ಟರ ಸ್ವಂತ ಕಾರಿನ ಕ್ಲಚ್ಚೇ, ಹೊಸದಾಗಿ ಹಾಕಿಸಿ ಒಂದು ಚಳಿಗಾಲ ಕಳೆಯುವಷ್ಟರಲ್ಲಿ, ಜಾರತೊಡಗಿತು. ನಾಲ್ಕನೇ ಗೇರಿನಲ್ಲಿ ಆಕ್ಸಿಲರೇಟರ್ ಒತ್ತಿದರೆ ಎಂಜಿನ್ ಜೋರಾಗಿ ಕೂಗುತ್ತಿತ್ತು, ಎಂಜಿನ್ ಮೀಟರಿನ ಮುಳ್ಳು ಮೇಲಕ್ಕೆ ನೆಗೆಯುತ್ತಿತ್ತು, ಕಾರು ಮಾತ್ರ ತನಗೇನೂ ಕೇಳಿಸಲಿಲ್ಲವೆಂಬಂತೆ ಹಳೆಯ ವೇಗದಲ್ಲೇ ಹೋಗುತ್ತಿತ್ತು. ಇದನ್ನು ಯಾರ ಮುಂದೆ ಹೇಳಿಕೊಳ್ಳುವುದು?

ಹೇಳಿಕೊಳ್ಳಲು ಮನೆಯಲ್ಲಂತೂ ಯಾರೂ ಇರಲಿಲ್ಲ. ಐದನೇ ಮಹಡಿಯ ಒಂಟಿ ಕೋಣೆಯಲ್ಲಿ ಎಸೆನ್, ಕೆಳಗಿನ ಅಂಗಳದಲ್ಲಿ ಆ ಕಡುನೀಲಿ ಬಣ್ಣದ ಜಪಾನಿ ಕಾರು. ಎರಡೇ ಬಾಗಿಲು, ಬಲಗಡೆ ಸ್ಟಿಯರಿಂಗ್, ನೆಲಕ್ಕೆ ಅಂಟಿದಂಥ ಸೀಟು. ಬೆಳಿಗ್ಗೆ ಚಹಾ ಕುಡಿಯುತ್ತ ಕಿಟಕಿಯಿಂದ ಅದನ್ನೇ ನೋಡುತ್ತಿದ್ದ. ನಲವತ್ತೈದು ದಾಟಿದ ಗಂಡಸು ಕಾರಿನ ಮುಖ ನೋಡಿಕೊಂಡು ಬೆಳಗು ಮಾಡುವುದೆಂದರೆ ಹೊಟ್ಟೆ ಚುರ್ರೆನ್ನುವ ವಿಷಯ. ಅದು ಅವನಿಗೂ ಗೊತ್ತಿತ್ತು.

ಕೊನೆಗೆ ಇಸ್ಖಾರ್‌ನ ಗ್ಯಾರೇಜಿಗೆ ಹೋದ. ಇಸ್ಖಾರ್ ಅವನ ಜೊತೆ ಒಂದೇ ಶಾಲೆಯಲ್ಲಿ ಓದಿದ ದುಂಗಾನ್ ಜನಾಂಗದ ಮೆಕ್ಯಾನಿಕ್. ಕೈ ಎಷ್ಟು ಚುರುಕೋ ನಾಲಿಗೆಯೂ ಅಷ್ಟೇ ಚುರುಕು. ತಾನೇ ಓಡಿಸಿ ನೋಡುತ್ತೇನೆಂದು ಎಸೆನ್‌ನನ್ನು ಪಕ್ಕಕ್ಕೆ ಕೂರಿಸಿದ. ಊರಾಚೆಯ ನೇರ ರಸ್ತೆಯಲ್ಲಿ ಮೂರನೇ ಗೇರಿಗೆ ಹಾಕಿ, ವೇಗ ಇಳಿಸಿ, ಒಮ್ಮೆಲೇ ಪೂರ್ತಿ ಒತ್ತಿದ. ಎಂಜಿನ್ ಕಿರುಚಿತು, ಕಾರು ಹಿಂದೆಬಿತ್ತು. ವಾಪಸು ಬಂದು ಕಾರಿನಡಿ ನುಗ್ಗಿ, ಎಣ್ಣೆ ಸೋರಿದೆಯೇ ಎಂದು ಬೆರಳಿಟ್ಟು ನೋಡಿದ. ಸೋರಿರಲಿಲ್ಲ. ಹೊರಬಂದವನು ಹಿಂದಿನ ಟೈರುಗಳ ಮುಂದೆ ಕುಕ್ಕರುಗಾಲಲ್ಲಿ ಕೂತು ಬಹಳ ಹೊತ್ತು ನೋಡಿದ.

"ಏನ್ ಮೇಷ್ಟ್ರೇ, ಶಿಷ್ಯರ ಕೈಗೆ ಕೊಟ್ಟಿದ್ದೆಯಾ ಇದನ್ನ?"

"ಯಾರ ಕೈಗೂ ಕೊಟ್ಟಿಲ್ಲ. ನಾನೊಬ್ಬನೇ ಓಡಿಸೋದು."

"ಹುಡುಗರ ಥರ ಸಿಗ್ನಲ್‌ನಲ್ಲಿ ಹಾರಿಸ್ತೀಯಾ?"

"ಈ ವಯಸ್ಸಿಗಾ?"

"ಹಾರಿಸಿದ್ರೆ ಟೈರು ಮೊದಲು ಸವೀತಿತ್ತು. ಟೈರಿಗಿನ್ನೂ ಮದುವೆ ವಯಸ್ಸು, ಕ್ಲಚ್ಚು ಹಣ್ಣುಹಣ್ಣು ಮುದುಕ." ಇಸ್ಖಾರ್ ಕೈ ಒರೆಸಿಕೊಂಡ. "ಇದು ಓಡಿ ಸವೆದಿದ್ದಲ್ಲ ಕಣೋ, ನಿಂತು ಸವೆದಿದ್ದು. ಎಲ್ಲೋ ಏರಲ್ಲಿ ನಿಲ್ಲಿಸಿ, ಅರ್ಧ ಕ್ಲಚ್ಚಲ್ಲೇ ಹಿಡ್ಕೊಂಡಿರ್ತೀಯ. ಒಂದೆರಡು ಸಲ ಅಲ್ಲ, ಗಳಿಗೆಗಟ್ಲೆ. ಎಲ್ಲಿ?"

ಎಸೆನ್ ಬಾನೆಟ್ಟಿನ ಮೇಲಿನ ಧೂಳು ಒರೆಸತೊಡಗಿದ.

"ಹ್ಯಾಂಡ್‌ಬ್ರೇಕ್ ಯಾಕೆ ಹಾಕಲ್ಲ?"

"ಚಳಿಗೆ ಹೆಪ್ಪುಗಟ್ಟಿ ಹಿಡ್ಕೊಂಡ್ಬಿಡುತ್ತೆ. ಇಲ್ಲಿ ಯಾರು ಹಾಕ್ತಾರೆ?"

"ಕಾಲಡಿಯ ಬ್ರೇಕು?"

ಎಸೆನ್ ನೆಲ ನೋಡಿದ. "ಒತ್ತಿದ್ರೆ ಹಿಂದೆ ಕೆಂಪು ದೀಪ ಹತ್ತುತ್ತಲ್ಲ."

ಇಸ್ಖಾರ್ ನಗಲು ಹೊರಟವನು ತಡೆದುಕೊಂಡ. ಈ ಊರಿನಲ್ಲಿ ಎಸೆನ್‌ನ ಕಥೆ ಗೊತ್ತಿಲ್ಲದವರು ಯಾರು?

ಹೋದ ವಸಂತದಲ್ಲಿ ಎಸೆನ್ ಇದೇ ಕಾರನ್ನು ರಷ್ಯಾದ ವ್ಲಾದಿವೊಸ್ತೋಕ್ ಬಂದರಿನಲ್ಲಿ ಕೊಂಡು ತಾನೇ ಓಡಿಸಿಕೊಂಡು ಬರುತ್ತಿದ್ದ. ಸೈಬೀರಿಯಾದ ನಡುಮಧ್ಯೆ ಅಣ್ಣ ಶಾರ್ಶೆನ್‌ನ ಫೋನ್ ಬಂತು. ಅವ್ವ ಹೋದಳು, ಕಾರನ್ನು ಎಲ್ಲಾದರೂ ಬಿಟ್ಟು ವಿಮಾನ ಹತ್ತು ಎಂದ. ಎಸೆನ್‌ಗೆ ಕಾರು ಬಿಡಲು ಮನಸ್ಸಾಗಲಿಲ್ಲ. ನಿದ್ದೆಗೆಟ್ಟು ಓಡಿಸಿದರೆ ಹೊತ್ತಿಗೆ ಸರಿಯಾಗಿ ಮುಟ್ಟಬಹುದು ಎಂದುಕೊಂಡ. ಮುಟ್ಟಲಿಲ್ಲ. ಹೆತ್ತವಳಿಗೆ ಒಂದು ಹಿಡಿ ಮಣ್ಣು ಹಾಕದ ಮಗ ಯಾವ ಮುಖ ಹೊತ್ತು ಮನೆಗೆ ಹೋಗುತ್ತಾನೆ? ಬಾಯ್ತಿಕ್ ಹಳ್ಳಿಯ ಏರಿನಲ್ಲಿ ಅವ್ವ, ಅಣ್ಣ ಇದ್ದ ಮನೆಯ ಗೇಟಿನವರೆಗೆ ಹೋಗಿ ತಿರುಗಿ ಬಂದಿದ್ದ. ಶಾರ್ಶೆನ್ ಮತ್ತೆ ಫೋನ್ ಮಾಡಲಿಲ್ಲ.

ಅಂದಿನಿಂದ ಸಂಜೆ ಪಾಠ ಮುಗಿದ ಮೇಲೆ ಎಸೆನ್ ಆಗಾಗ ಅಲ್ಲಿಗೆ ಹೋಗಿ ಗೇಟಿನ ಎದುರು ನಿಲ್ಲುತ್ತಿದ್ದ. ಬಲಗಡೆಯ ಸೀಟಿನಿಂದ ಮನೆ ಕೈಗೆಟುಕುವಷ್ಟು ಹತ್ತಿರ. ಅತ್ತಿಗೆ ಕಂಬಳಿ ಕೊಡವುವುದನ್ನೋ ಅಣ್ಣ ಸೌದೆ ಒಡೆಯುವುದನ್ನೋ ನೋಡುತ್ತ, ಎಡಗಾಲು ನಡುಗುವವರೆಗೆ ಕಾರನ್ನು ಹಾಗೇ ಹಿಡಿದುಕೊಂಡಿರುತ್ತಿದ್ದ.

"ಎಂಜಿನ್ ಆಫ್ ಮಾಡಿ ಕೂತ್ಕೋಬಾರದಾ?" ಇಸ್ಖಾರ್ ಕೇಳಿದ.

"ಆಫ್ ಮಾಡಿದ್ರೆ ಬಂದ ಹಾಗಾಯ್ತಲ್ಲ. ಮನೆಗೆ ಬಂದೋರಿಗೆ ಕೊಡೋ ರೊಟ್ಟಿ ಹಿಡ್ಕೊಂಡು ಅತ್ತಿಗೆ ಆಚೆ ಬರ್ತಾಳೆ. ಮುರಿದು ಬಾಯಿಗೆ ಹಾಕ್ಕೊಳ್ದೆ ವಾಪಸ್ ಬರೋಕಾಗುತ್ತಾ? ಎಂಜಿನ್ ಓಡ್ತಿದ್ರೆ ನಾನು ದಾರಿಹೋಕ."

"ದಾರಿಹೋಕನಂತೆ." ಇಸ್ಖಾರ್‌ಗೆ ಈಗ ನಿಜಕ್ಕೂ ಸಿಟ್ಟು ಬಂದಿತ್ತು. "ಭಾನುವಾರ ನಿಮ್ಮವ್ವನ ವರ್ಷದೂಟ. ಅದು ಮುಗಿದ್ರೆ ಅಳುವೂ ಮುಗೀತು. ಆಮೇಲೆ ಹೋಗಿ ಅತ್ರೆ ಜನ ಕುಡಿದಿದ್ದಾನೆ ಅಂತಾರೆ. ಹೋಗೋದಿದ್ರೆ ಅಷ್ಟರೊಳಗೆ ಹೋಗು, ಇಲ್ದಿದ್ರೆ ಸಾಯೋತನಕ ದಾರಿಹೋಕನಾಗೇ ಇರು."

"ಹೊಸ ಕ್ಲಚ್ ಯಾವಾಗ ಬರುತ್ತೆ?"

"ಮುಂದಿನ ವಾರ. ಅಲ್ಲೀತನಕ ಏರು ಹತ್ತಿಸ್ಬೇಡ. ಈಗಿನ್ನೂ ಶುರು, ಊರೊಳಗೆ ಓಡುತ್ತೆ. ಇನ್ನೊಂದ್ಸಲ ಅಲ್ಲಿ ಹಿಡ್ಕೊಂಡು ನಿಂತ್ರೆ ಅಲ್ಲೇ ಸಾಯುತ್ತೆ."

ಶನಿವಾರ ಮಧ್ಯಾಹ್ನ ಎಸೆನ್ ಏರು ಹತ್ತಿಸಿದ. ಗೇಟಿನ ಹೊರಗೆ ಕಾರುಗಳು ಸಾಲುಗಟ್ಟಿದ್ದವು, ಅಂಗಳದಲ್ಲಿ ಮರುದಿನದ ಊಟದ ದೊಡ್ಡ ಹಂಡೆಗಳ ಹೊಗೆ ಎದ್ದಿತ್ತು. ನೆಂಟರು ಓಡಾಡುತ್ತಿದ್ದರು. ಅವನು ಎಂದಿನಂತೆ ನಿಂತ, ಅರ್ಧ ಕ್ಲಚ್ಚಿನಲ್ಲಿ. ಇಳಿಯಬೇಕು ಎಂದುಕೊಂಡ, ಇನ್ನೊಂದು ನಿಮಿಷ ಬಿಟ್ಟು ಇಳಿಯುತ್ತೇನೆ ಎಂದುಕೊಂಡ. ಸುಟ್ಟ ವಾಸನೆ ಒಳಗೆಲ್ಲ ತುಂಬಿತು. ಆಮೇಲೆ ಪೆಡಲಿನ ಕೆಳಗೆ ಏನೂ ಉಳಿಯಲಿಲ್ಲ. ಎಂಜಿನ್ ಬೊಬ್ಬೆ ಹೊಡೆಯುತ್ತಿದ್ದಂತೆಯೇ ಕಾರು ಮೆಲ್ಲಗೆ ಹಿಂದಕ್ಕೆ ಉರುಳತೊಡಗಿತು. ಅಂಗಳದ ಜನ ಒಬ್ಬೊಬ್ಬರಾಗಿ ಇತ್ತ ತಿರುಗಿದರು. ಬ್ರೇಕ್ ಒತ್ತದೆ ಬೇರೆ ದಾರಿ ಇರಲಿಲ್ಲ. ಅವನು ಬ್ರೇಕ್ ಒತ್ತಿದ, ಹ್ಯಾಂಡ್‌ಬ್ರೇಕ್ ಎಳೆದ, ಎಂಜಿನ್ ನಿಲ್ಲಿಸಿದ, ಇಳಿದ.

ನಡೆದುಕೊಂಡು ಹೋಗುವುದೊಂದೇ ಬಾಕಿ. ಸಾವಿನ ಮನೆಗೆ ಗಂಡಸು ಬಾಯಿಮುಚ್ಚಿಕೊಂಡು ಬರುವಂತಿಲ್ಲ, ದೂರದಿಂದಲೇ ಗೋಳಿಡುತ್ತ ಬರಬೇಕು. ಎಸೆನ್ ಬಾಯಿ ತೆರೆದ. ಮೊದಲು ಬಂದದ್ದು ಬರೀ ಉಸಿರು.

"ಅವ್ವಾ, ನನ್ನವ್ವಾ, ಎಲ್ಲಿಂದ ತರಲಿ ನಿನ್ನ…"

ದನಿ ಒಡಕಾಗಿತ್ತು. ವರ್ಷ ಕಳೆದ ಮೇಲೆ ಹೀಗೆ ಬಂದವನನ್ನು ಕಂಡು ಗೇಟಿನ ಬಳಿ ಯಾರೋ ಕಿಸಕ್ಕೆಂದರು. ಬಂದವನ ಅಳುವಿಗೆ ಮನೆಯ ಗಂಡುಮಕ್ಕಳು ಗೋಡೆಯ ಬಳಿ ಸಾಲಾಗಿ ನಿಂತು ಅಳುವಿನಲ್ಲೇ ಉತ್ತರ ಕೊಡಬೇಕು. ಶಾರ್ಶೆನ್ ಹಂಡೆಯ ಮುಂದಿದ್ದ. ತಮ್ಮನನ್ನು ನೋಡಿದ, ಬೆನ್ನು ತಿರುಗಿಸಿದ, ಸೌಟು ಆಡಿಸಿದ.

ಎಸೆನ್ ನಿಲ್ಲಲಿಲ್ಲ. ಇಷ್ಟು ಜನರ ನಡುವೆ ತನ್ನ ದನಿಯೊಂದೇ ಕೇಳುವುದು ಎಷ್ಟು ಭಯಂಕರ ಎಂದು ಅವನಿಗೆ ಆಗಲೇ ಗೊತ್ತಾದದ್ದು. ಗೇಟು ದಾಟಿದ. ಅಂಗಳದ ನಡುವೆ ಬಂದ. ಹೇಳುವ ಮಾತುಗಳು ಮುಗಿದುಹೋದವು. ಆಮೇಲೆ ಬರೀ ಅವ್ವಾ, ಅವ್ವಾ.

ಸೌಟು ನಿಂತಿತು. ಶಾರ್ಶೆನ್ ಅದನ್ನು ಅಂಚಿಗೆ ಒರಗಿಸಿ, ಯಾರನ್ನೂ ನೋಡದೆ ಗೋಡೆಯ ಬಳಿಗೆ ಹೋದ. ಎರಡು ಕೈಗಳಿಂದಲೂ ಸೊಂಟ ಹಿಡಿದು, ತಲೆ ತಗ್ಗಿಸಿ, ದೊಡ್ಡ ದನಿ ತೆಗೆದು ಅಳತೊಡಗಿದ. ಕಿಸಕ್ಕೆಂದವರು ಟೋಪಿ ಸರಿಮಾಡಿಕೊಂಡು ಸುಮ್ಮನಾದರು.

ಎಸೆನ್ ಹತ್ತಿರ ಬಂದು ಅಪ್ಪಿಕೊಳ್ಳಲು ಕೈ ಚಾಚಿದ. ಶಾರ್ಶೆನ್ ಅಪ್ಪಲಿಲ್ಲ. ಅಳುತ್ತಲೇ ಒಂದು ಹೆಜ್ಜೆ ಪಕ್ಕಕ್ಕೆ ಸರಿದು ಜಾಗ ಮಾಡಿದ.

"ಇಲ್ಲಿ ನಿಂತ್ಕೋ," ಎಂದ. "ಅವ್ವನ ಮಣ್ಣಿನ ದಿನ ಇಲ್ಲಿ ಯಾರನ್ನೂ ನಿಲ್ಲೋಕೆ ಬಿಡ್ಲಿಲ್ಲ ನಾನು."

ಎಸೆನ್ ಹೋಗಿ ನಿಂತ.