ಸೀಸೆಯ ಗಸಿ

ಹನುಮವ್ವ ಕದ್ದು ಬೆಲ್ಲ ತಿನ್ನುತ್ತಾಳೆ ಎಂಬ ಸುದ್ದಿ ನಮ್ಮ ಓಣಿಯಲ್ಲಿ ಹಬ್ಬಿದ್ದು ಅವಳ ಗಂಡನ ಬಾಯಿಂದಲೇ. ಗಜೇಂದ್ರಗಡದ ಈ ನೇಕಾರರ ಓಣಿಯಲ್ಲಿ ಗೋಡೆಯಾಚೆ ಕೆಮ್ಮಿದರೆ ಈಚೆಯಿಂದ ನೀರು ಕೊಡುತ್ತಾರೆ. ಪಕ್ಕದ ಮನೆಯ ನನಗಂತೂ ಅವರ ಜಗಳವೆಲ್ಲ ಬಾಯಿಪಾಠ.

ಹನುಮವ್ವನಿಗೆ ಸಕ್ಕರೆ ಕಾಯಿಲೆ, ಕಣ್ಣೂ ಮಂದ. ಎರಡು ಹೊತ್ತು ಇನ್ಸುಲಿನ್ ಸೂಜಿ ಚುಚ್ಚುವವನು ಗಂಡ ಪರಪ್ಪ. ಮಗ್ಗ ಬಿಟ್ಟಾನು, ಸೂಜಿ ಬಿಡ. ಆದರೂ ರಕ್ತ ನೋಡಿದಾಗಲೆಲ್ಲ ಸಕ್ಕರೆ ಏರಿಯೇ ಇರುತ್ತಿತ್ತು. ಕಾಲಿನ ಕಿರುಬೆರಳಿನ ಹುಣ್ಣು ಮಾಯದೆ ಕಪ್ಪಿಟ್ಟಿತು. ಊಟ ಅಳತೆಯದು, ಔಷಧಿ ತಪ್ಪಿಲ್ಲ, ಮತ್ತೆ ಈ ಸಕ್ಕರೆ ಎಲ್ಲಿಂದ ಬಂತು?

"ನೀನ ಏನರೆ ಕದ್ದು ತಿಂತಿ" ಎಂದ ಪರಪ್ಪ.

"ನಿಮ್ಮಾಣಿ, ನಾ ತಿಂದಿಲ್ರಿ."

ನನಗೂ ತಲೆ ಕೆಟ್ಟುಹೋಯಿತು. ಅವಳು ಸುಳ್ಳು ಹೇಳುವವಳಲ್ಲ. ರಕ್ತ ನೋಡುವ ಮಷೀನಿಗೆ ಅವಳ ಮೇಲೇನು ಹಗೆಯೇ? ಕೊನೆಗೆ ಹನುಮವ್ವನೇ ನನ್ನನ್ನು ಹಿತ್ತಲಿಗೆ ಕರೆದು, "ಭಾರತಿ, ನಾ ನಿದ್ದಿಗಣ್ಣಾಗ ಎದ್ದು ತಿಂತೀನೇನ? ನಿಮ್ಮ ಮನಿಗೆ ಡಬ್ಬಿ ಸಪ್ಪಳ ಕೇಳತೈತೇನ?" ಎಂದು ಕೇಳಿದಳು.

ಬೆರಳು ತೋರಿಸಲು ರೋಣದ ದವಾಖಾನೆಗೆ ಹೊರಟಾಗ ನಾನೂ ಜೊತೆಗೆ ಹೋದೆ. ಬೆರಳು ಉಳಿಯುವುದಿಲ್ಲ, ತೆಗೆಯಬೇಕು ಎಂದರು ಡಾಕ್ಟರು. ಅಲ್ಲಿಯ ನರ್ಸ್ ರೂಪಾ ಪರಪ್ಪನಿಗೆ, "ಮನ್ಯಾಗ ಸೂಜಿ ಹ್ಯಾಂಗ ತುಂಬತೀರಿ, ನನ್ನ ಮುಂದ ತುಂಬಿ ತೋರಸ್ರಿ" ಎಂದಳು. ಅವನು ಚೀಲದಿಂದ ಸೀಸೆ ತೆಗೆದ. ಬಸ್ಸಿನಲ್ಲಿ ಕುಲುಕಿ ಅದು ಮಜ್ಜಿಗೆಯಂತೆ ಬೆಳ್ಳಗಾಗಿತ್ತು. ಅದನ್ನು ಮೇಜಿನ ಮೇಲಿಟ್ಟು ಕೈಕಟ್ಟಿ ಕೂತುಬಿಟ್ಟ.

"ಯಾಕ್ರಿ, ಸುಮ್ಮನ ಕುಂತ್ರಿ?"

"ತಡೀರಿ ನರ್ಸಬಾಯಾರ, ಇನ್ನೂ ತಿಳಿ ಆಗಿಲ್ಲ. ಮ್ಯಾಲಿನ ತಿಳಿ ಅಷ್ಟ ತಗೊಂಡು ತಳದ ಗಸಿ ಚೆಲ್ಲತೀನ್ರಿ."

ನಮ್ಮವರ ಬಣ್ಣದ ಕೆಲಸವೂ ಹಾಗೇ. ಬಣ್ಣದ ನೀರು ನಿಂತು ತಿಳಿಯಾಗದೆ ನೂಲು ಅದ್ದುವುದಿಲ್ಲ. ಗಸಿ ತಾಗಿದರೆ ಸೀರೆಗೆ ಕಲೆ. ನೂಲಿಗೇ ಅಷ್ಟು ಜೋಪಾನ ಮಾಡುವವನು ಹೆಂಡತಿಯ ಮೈಗೆ ಗಸಿ ಹೋಗಲು ಬಿಡುತ್ತಾನೆಯೇ?

ರೂಪಾ ಹಣೆ ಹಿಡಿದುಕೊಂಡಳು. "ಆ ಬಿಳೇದ ಖರೇ ಔಷಧಿ ರೀ. ಇನ್ಸುಲಿನ್ನಿಗೆ ಸತು, ಮತ್ತ ಒಂದು ಪ್ರೋಟೀನ್ ಕೂಡಿಸಿ ಸಣ್ಣ ಹರಳು ಮಾಡಿರ್ತಾರ. ಅದು ಸಾವಕಾಶ ಕರಗಿ ತಾಸುಗಟ್ಟಲೆ ಸಕ್ರಿ ಹಿಡಿದಿಡತೈತಿ. ಸೀಸೆ ಅಂಗೈಯಾಗ ಮೆಲ್ಲಕ ಹೊರಳಿಸಿ, ಪೂರಾ ಕೂಡಿದ ಮ್ಯಾಲೆ ತುಂಬಬೇಕು."

"ಸತು ಅಂದ್ರ? ತಗಡಿಗೆ ಬಳಿಯೋ ಸತು?"

"ಅದ ರೀ. ನಮ್ಮ ಮೈಯಾಗೂ ಐತಿ. ಇನ್ಸುಲಿನ್ ಹುಟ್ಟೋ ಜಾಗಾದಾಗ ಅದನ್ನ ಗಂಟು ಕಟ್ಟಿ ಇಡೋದೂ ಸತುನ."

ಪರಪ್ಪ ಸೀಸೆ ನೋಡಿದ, ತನ್ನ ಕೈ ನೋಡಿದ. "ತಗಡಿಂದು ಮೈಯಾಗ ಹ್ಯಾಂಗ ಬಂತು? ನಾ ಚೆಲ್ಲಿದ್ದ ಔಷಧಿ ಆದ್ರ, ಇಷ್ಟ ದಿನಾ ಚುಚ್ಚಿದ್ದೇನು?" ಅವನು ಕೇಳಿದ್ದು ಯಾರನ್ನೋ, ಅವನಿಗೇ ತಿಳಿದಂತಿರಲಿಲ್ಲ.

ಹನುಮವ್ವ ಅಳುತ್ತಾಳೆ ಎಂದು ನಾನು ಸೆರಗು ಸರಿಮಾಡಿಕೊಂಡು ಹತ್ತಿರ ಹೋದೆ. ಅವಳು ಕಣ್ಣೊರೆಸಿಕೊಳ್ಳುತ್ತ ನಗುತ್ತಿದ್ದಳು! ಬೆರಳು ಕಳೆದುಕೊಳ್ಳುವ ಹೆಂಗಸು ನಗುವುದೆಂದರೇನು, ನನಗೆ ದಿಕ್ಕೇ ತೋಚಲಿಲ್ಲ.

"ಬೆರಳ ಹೋದ್ರ ಹೋಗ್ಲಿ ಬಿಡ್ರಿ" ಎಂದಳು ಗಂಡನಿಗೆ. "ನಾ ಕಳ್ಳಿ ಅಲ್ಲ ಅಂತ ಈಗ ನೀವ ಹೇಳ್ರಿ. ಓಣಿಯಾಗ ಮನಿಮನಿಗೆ ಹೋಗಿ ಹೇಳ್ರಿ."