ರುಮ್ಯಾನಾ ಹೊಲಿದ ಕಕ್ಕಸು

“ಉಚ್ಚೆ ಬಂದ್ರೆ ಎದುರ್ಗೇ ನದಿ ಬಿದ್ದೈತಲ್ಲ, ಅಷ್ಟಗಲ ಸಾಲ್ದಾ ನಿಂಗೆ?” ಎಂದ ಮೇಸ್ತ್ರಿ ಹಾರ್ಮನ್, ಕಕ್ಕಸಿನ ಬೀಗದ ಕೈಯನ್ನು ಬೆರಳಲ್ಲಿ ಗಿರಗಿರನೆ ತಿರುಗಿಸುತ್ತ. “ಇದು ಆಫೀಸ್‌ನೋರಿಗೆ. ನಿಮ್ಮಂಥೋರು ಕೂತೆದ್ದ ಮೇಲೆ ಅವ್ರು ಕೂರಕ್ಕಾಗತ್ತಾ?”

ರುಮ್ಯಾನಾ ನದಿದಂಡೆಯ ವಿಲ್ಲೋ ಪೊದೆಗಳ ಕಡೆ ನಡೆದಳು. ಡಚ್ಚರ ನಾಡಿನ ವಾಲ್ ನದಿಯ ಏರಿಯ ಮೇಲೆ ಹನ್ನೊಂದು ಗಂಡಸರ ನಡುವೆ ಅವಳೊಬ್ಬಳೇ ಹೆಂಗಸು. ಎಲ್ಲರೂ ಬಲ್ಗೇರಿಯಾದಿಂದ ಕೂಲಿಗೆ ಬಂದವರು. ಊರಿನಲ್ಲಿ ಅವಳು ಹದಿನಾರು ವರ್ಷ ಷರ್ಟಿನ ಕಾಲರು ಹೊಲಿದಿದ್ದಳು. ಇಲ್ಲಿ ಏರಿಗೇ ಬಟ್ಟೆ ಹೊಲಿಯುವ ಕೆಲಸ. ಇಳಿಜಾರಿನ ಮರಳಿನ ಮೇಲೆ ಕಂಬಳಿಯಂಥ ದಪ್ಪ ಬಟ್ಟೆ ಹಾಸುತ್ತಿದ್ದರು. ಎರಡು ಹಾಸುಗಳ ಅಂಚನ್ನು ಅರ್ಧ ಮೀಟರು ಒಂದರ ಮೇಲೊಂದು ತಂದು ಅವಳು ಕೈಮಿಷನ್ನಿನಲ್ಲಿ ಎರಡು ಸಾಲು ಹೊಲಿಗೆ ಹಾಕಿದ ಮೇಲೆ ಗಂಡಸರು ಕಲ್ಲು ಜೋಡಿಸುತ್ತಿದ್ದರು. ಆ ಬಟ್ಟೆ ನೀರನ್ನು ಬಿಡುತ್ತದೆ, ಮರಳನ್ನು ಬಿಡುವುದಿಲ್ಲ. ಮರಳು ಜಾರಿದರೆ ಕಲ್ಲು ಕುಸಿದು ಏರಿ ಬಾಯಿಬಿಡುತ್ತದೆ. ಏರಿಯ ಹಿಂದೆ, ನದಿಗಿಂತ ತಗ್ಗಿನಲ್ಲಿ, ಒಂದಿಡೀ ಊರು. ಊರಿಗಿಂತ ತಗ್ಗಿನಲ್ಲಿ ಕೂಲಿಯವರ ತಗಡಿನ ಗೂಡುಗಳು.

ಮೂರನೇ ವಾರ ಹಾರ್ಮನ್ ಹೊಸ ಹುಕುಂ ತಂದ.

“ಹೊಲಿಗೆ ಸಾಕು. ಅಂಚಿಗೆ ಅಂಚು ತಾಗಿಸಿ, ಮೇಲೆ ಕಲ್ಲು ಹೇರಿ.”

“ಸಂದೀಲಿ ಮರಳು ಎದ್ದೋಗತ್ತೆ,” ಎಂದಳು ರುಮ್ಯಾನಾ.

“ನೀನ್ಯಾವಾಗಮ್ಮ ಇಂಜಿನಿಯರ್ ಆಗಿದ್ದು? ಮಿಷನ್ ಮುಚ್ಚಿ ಕಲ್ಲು ಹೊರು ಹೋಗು.”

ನೂರು ಮೀಟರು ಏರಿ ಹೊಲಿಗೆಯಿಲ್ಲದೆ ಕಲ್ಲಿನಡಿ ಸೇರಿತು. ಉಳಿದ ಎರಡು ಸುರುಳಿ ಬಟ್ಟೆಯನ್ನು ಹಾರ್ಮನ್ ಟಾರ್ಪಾಲಿನಡಿ ಬಚ್ಚಿಟ್ಟ. ಅದು ಎಲ್ಲಿಗೆಂದು ಪತ್ತೆ ಮಾಡಿದವನು ಕಲ್ಲು ಜೋಡಿಸುವ ಮುದುಕ ಪೆಂಚೋ.

“ಅವ್ನ ಭಾಮೈದ ಕುದ್ರೆ ಓಡಿಸೋ ಅಂಗಳ ಮಾಡ್ತಾವ್ನಂತೆ, ಅದ್ರಡಿ ಹಾಸಕ್ಕೆ ಈ ಬಟ್ಟೆ. ಕುದ್ರೆ ಕಾಲು ಕೆಸರಾಗಬಾರ್ದು, ಊರೋರು ಮುಳುಗಿ ಸತ್ರೂ ಪರವಾಗಿಲ್ಲ. ಸೂಳೆಮಗ.”

“ಯಾರ್ಗಾದ್ರೂ ಹೇಳಣ ಅಣ್ಣ.”

“ಹೋದ್ವರ್ಷ ಒಬ್ಬ ಹೇಳ್ದ. ಮಾರನೇ ದಿನ ಬೆಳಗ್ಗೆ ಊರಿಗೆ ವಾಪಸ್ ಸೋಫಿಯಾ ಬಸ್ಸಲ್ಲಿದ್ದ.”

ರುಮ್ಯಾನಾ ಟಾರ್ಪಾಲನ್ನೇ ನೋಡುತ್ತ ನಿಂತಳು. ಸ್ವಲ್ಪ ಹೊತ್ತಿಗೆ ಅವಳಿಗೆ ನಗು ಬಂತು.

ಗುರುವಾರ ಜಲಮಂಡಳಿಯ ಅಧ್ಯಕ್ಷರು ಕೆಲಸ ನೋಡಲು ಬರುವವರಿದ್ದರು, ಹಿಂದೆ ಟೀವಿಯವರು ಬೇರೆ. ಬೆಳಗ್ಗೆಯೇ ಹಾರ್ಮನ್ ಇಸ್ತ್ರಿ ಮಾಡಿದ ಷರ್ಟು ತೊಟ್ಟು ಅವರನ್ನು ಎದುರುಗೊಳ್ಳಲು ಹೋದ. ಅವನು ಕಣ್ಮರೆಯಾದದ್ದೇ ತಡ, ಪೆಂಚೋ ನಾಲ್ಕು ವಿಲ್ಲೋ ಗಳುಗಳನ್ನು ಏರಿಯ ನೆತ್ತಿಯ ಮೇಲೆ ನೆಟ್ಟ. ಉಳಿದವರು ಒಂದು ಸುರುಳಿ ಬಿಚ್ಚಿದರು. ರುಮ್ಯಾನಾ ಮಿಷನ್ನು ಹಿಡಿದಳು. ಎರಡು ಗಂಟೆಯಲ್ಲಿ ಗೋಡೆ, ಚಾವಣಿ, ಬಾಗಿಲಿನ ಪರದೆ ಎಲ್ಲ ಎದ್ದವು. ಕೈ ಸುಮ್ಮನಿರದೆ ಬಾಗಿಲಿನ ಮೇಲಂಚಿಗೆ ಷರ್ಟಿನದ್ದೇ ಎರಡು ಚೂಪಿನ ಕಾಲರನ್ನೂ ಹೊಲಿದಳು. ಒಳಗೆ ಗುಂಡಿ, ಗುಂಡಿಯ ಮೇಲೆ ತಳ ತೆಗೆದ ಬಕೆಟ್ಟು.

“ಇದ್ರೊಳಗೆ ಹೋಗೋಕೆ ಟೈ ಕಟ್ಕಬೇಕೇನೋ,” ಎಂದ ಪೆಂಚೋ. ಮೊದಲು ಒಳಗೆ ಹೋದವಳು ರುಮ್ಯಾನಾ. ಅವಸರವಿಲ್ಲದೆ ಕೂತು ಬಂದಳು.

ಅತಿಥಿಗಳು ಹನ್ನೊಂದಕ್ಕೆ ಬಂದರು. ಆಫೀಸಿನಲ್ಲಿ ಮೂರು ಕಾಫಿ ಕುಡಿದಿದ್ದ ಅಧ್ಯಕ್ಷರು ಎಪ್ಪತ್ತರ ಹತ್ತಿರದ ಮನುಷ್ಯ. ಹಾರ್ಮನ್ನನ ವಿವರಣೆ ಕೇಳುತ್ತ ಕಾಲು ಬದಲಾಯಿಸುತ್ತಿದ್ದರು. ಕೊನೆಗೆ ಅವನ ಕಿವಿಗೆ ಬಗ್ಗಿ ಏನೋ ಕೇಳಿದರು. ಹಾರ್ಮನ್ ಎರಡೂ ಜೇಬು ತಡಕಿದ. ಬೀಗದ ಕೈ ಹಳೆಯ ಷರ್ಟಿನಲ್ಲಿ ಉಳಿದಿತ್ತು.

“ಅದೇನು ಅಲ್ಲಿ?” ಎಂದರು ಅಧ್ಯಕ್ಷರು.

ಹಾರ್ಮನ್ ತಿರುಗಿ ನೋಡಿದ. ತಾನು ಬಚ್ಚಿಟ್ಟ ಬಟ್ಟೆಯ ಗುರುತು ಸಿಕ್ಕಿತು.

“ಕಕ್ಕಸು, ಸಾಹೇಬ್ರೆ,” ಎಂದಳು ರುಮ್ಯಾನಾ ತನ್ನ ಹರುಕು ಡಚ್ಚಿನಲ್ಲಿ. “ಬೀಗ ಇಲ್ಲ. ಯಾರು ಬೇಕಾದ್ರೂ ಹೋಗ್ಬೋದು.”

ಅಧ್ಯಕ್ಷರು ಕಾಲರಿನಡಿ ತಲೆ ತಗ್ಗಿಸಿ ಒಳಹೊಕ್ಕರು. ಟೀವಿಯವರು, ಗುಮಾಸ್ತರು, ಹನ್ನೆರಡು ಕೂಲಿಗಳು, ಎಲ್ಲರೂ ಆ ದೀರ್ಘವಾದ ಸದ್ದನ್ನು ಕೇಳುತ್ತ ನದಿ ನೋಡಿದರು. ಹೊರಬಂದ ಅಧ್ಯಕ್ಷರ ಮುಖ ಹಗುರಾಗಿತ್ತು. ಅವರು ಹೊಲಿಗೆಯ ಮೇಲೆ ಬೆರಳಾಡಿಸಿದರು.

“ಗಟ್ಟಿ ಕೆಲಸ. ಇಷ್ಟು ಬಟ್ಟೆ ಎಲ್ಲಿಂದ ಬಂತು?”

“ಏರಿ ಅಡೀಗೆ ಬಂದಿದ್ದು. ಅಲ್ಲಿ ಹೊಲಿಗೆ ಬೇಡ, ಬಟ್ಟೆ ಉಳ್ಸಿ ಅಂದ್ರು ಮೇಸ್ತ್ರಿ. ಉಳ್ಸಿದ್ವಿ. ಬೇಕಾದ್ರೆ ಒಂದ್ ಕಲ್ಲು ಎತ್ತಿ ನೋಡಿ.”

“ಇವಳಿಗೆ ಭಾಷೆ ಬರಲ್ಲ, ಏನೇನೋ ಒದರ್ತಾಳೆ,” ಎಂದ ಹಾರ್ಮನ್. ಅಷ್ಟರಲ್ಲಿ ಪೆಂಚೋ ಇಳಿಜಾರಿನಿಂದ ಒಂದು ಕಲ್ಲನ್ನು ಎತ್ತಿಯಾಗಿತ್ತು. ಎರಡು ಹಾಸುಗಳ ನಡುವೆ ಅಂಗೈಯಗಲ ಮರಳು ಬಿಸಿಲಿಗೆ ಹೊಳೆಯಿತು.

ಅಧ್ಯಕ್ಷರು ಮರಳನ್ನು ನೋಡಿದರು, ಕ್ಯಾಮೆರಾ ನೋಡಿದರು. “ಕಲ್ಲನ್ನ ಇದ್ದಲ್ಲೇ ಇಡಪ್ಪ,” ಎಂದರು ಮೆಲ್ಲಗೆ. “ಸೋಮವಾರ ಆಫೀಸಲ್ಲಿ ಕೂತು ಮಾತಾಡೋಣ.” ಅಲ್ಲಿಂದ ಕಾರುಗಳ ಕಡೆ ತಿರುಗಿದರು.

ಹಾರ್ಮನ್ ರುಮ್ಯಾನಾಳ ಪಕ್ಕಕ್ಕೆ ಬಂದು ಹಲ್ಲು ಕಚ್ಚಿದ. “ಗಂಟು ಕಟ್ಟು. ಸಂಜೆ ಬಸ್ಸಿಗೆ ನಾನೇ ಹತ್ತಿಸ್ತೀನಿ ನಿನ್ನ.”

“ಸಂಜೆಗೆ ತಾನೆ?” ಎಂದಳು. “ಇನ್ನೂ ಮಧ್ಯಾಹ್ನಾನೂ ಆಗಿಲ್ಲ.”

ಅವಳು ಇಳಿಜಾರಿಗಿಳಿದು ಎರಡನೇ ಕಲ್ಲನ್ನು ತಬ್ಬಿ ಎತ್ತಿದಳು. ಅದನ್ನು ಹೊತ್ತು ಮೇಲೆ ಬಂದು ಅಧ್ಯಕ್ಷರ ಕಾರಿನ ಮುಂದೆ, ರಸ್ತೆಯ ನಡುವೆ ಇಟ್ಟಳು. ಪೆಂಚೋ ಮೂರನೆಯದನ್ನು ತಂದ. ಉಳಿದ ಹತ್ತು ಜನ ನೀರಿನಂಚಿನಿಂದ ಮೇಲಿನವರೆಗೆ ಸಾಲಾಗಿ ನಿಂತರು, ಕಲ್ಲುಗಳು ಕೈಯಿಂದ ಕೈಗೆ ಏರತೊಡಗಿದವು. ಟೀವಿಯವನು ಕ್ಯಾಮೆರಾ ತಿರುಗಿಸಿದ.

“ಏನಮ್ಮ ಇದು, ಸೋಮವಾರ ಅಂದೆನಲ್ಲ,” ಎಂದರು ಅಧ್ಯಕ್ಷರು ಕಾರಿನ ಬಾಗಿಲು ಹಿಡಿದು.

“ಸೋಮವಾರ ನಾನಿರಲ್ಲ ಸಾಹೇಬ್ರೆ,” ಎಂದಳು ರುಮ್ಯಾನಾ. “ಕಾಲು ಸ್ವಲ್ಪ ಹಿಂದಕ್ಕಿಟ್ಕಳಿ, ಕಲ್ಲು ಬೀಳತ್ತೆ.”

ರಾಶಿ ಕಾರಿನ ದೀಪದ ಮಟ್ಟಕ್ಕೆ ಬಂದಿತ್ತು. ಹೊಲಿಗೆಯಿಲ್ಲದ ಏರಿ ಇನ್ನೂ ತೊಂಬತ್ತು ಮೀಟರು ಬಾಕಿ ಇತ್ತು.