ಅರಿಶಿನ ನೀರಲ್ಲಿ ತೊಳೆದ ತತ್ತಿ

ಟಕ್, ಟಕ್ — ಪಾತ್ರೆಯ ತಳಕ್ಕೆ ಬಡಿಯುತ್ತಿರುವುದು ಅದೇ, ನೀರು ಕುದಿಯಲು ಹತ್ತಿದೆ, ಇಷ್ಟು ಸಣ್ಣ ಸದ್ದು ಓಣಿಗೆ ಕೇಳೀತೇ ಎಂದು ಗುರುಬಸಮ್ಮ ಸೆರಗಿನಿಂದ ಮೂಗು ಮುಚ್ಚಿಕೊಂಡೇ ಕಿಟಕಿಯತ್ತ ನೋಡಿದಳು, ಕೇಳಿದರೆ ಕೇಳಲಿ, ಈ ಕೊಟ್ಟೂರಿನಲ್ಲಿ ಯಾರ ಒಲೆಯ ಮೇಲೆ ಏನು ಬೇಯುತ್ತದೆಂದು ಯಾರಿಗೆ ಗೊತ್ತಿಲ್ಲ, ಆದರೆ ಈ ಮನೆಯಲ್ಲಿ, ಸೋಮವಾರ ಉಳ್ಳಾಗಡ್ಡಿಯನ್ನೂ ಒಳಗೆ ಬಿಡದಿದ್ದ ಅತ್ತೆಯ ಅಡುಗೆಮನೆಯಲ್ಲಿ, ತತ್ತಿ, ಅದೂ ತನ್ನ ಕೈಯಿಂದ — ಆವಿ ಮೇಲೆದ್ದು ಕೊರಳಿನ ಕರಡಿಗೆಗೆ ತಾಗುತ್ತಿದೆ, ಒಳಗಿನ ಲಿಂಗಕ್ಕೆ ವಾಸನೆ ಹತ್ತೀತೆಂದು ಅದನ್ನು ಬೆನ್ನ ಮೇಲಕ್ಕೆ ಸರಿಸಿದಳು, ಸರಿಸಿದ ಮೇಲೆ ನಾಚಿಕೆಯಾಯಿತು, ಬೆನ್ನ ಹಿಂದಿದ್ದರೆ ಶಿವನಿಗೆ ಕಾಣುವುದಿಲ್ಲವೇ, ಒಳಕೋಣೆಯಲ್ಲಿ ಮಂಚ ಕಿರ್ ಎನ್ನುತ್ತದೆ, ಅರ್ಚನಾ ಮಗ್ಗುಲಾಗುತ್ತಿದ್ದಾಳೆ, ಏಳು ತಿಂಗಳ ಬಸುರಿ ಮಗಳು, ಆಸ್ಪತ್ರೆಯಿಂದ ನಿನ್ನೆಯಷ್ಟೇ ಬಂದವಳು, ಸಲೈನ್ ಹಚ್ಚಿದ ಕಡೆ ಮುಂಗೈ ಇನ್ನೂ ನೀಲಿಗಟ್ಟಿದೆ, ಆ ನೀಲಿ ತನ್ನ ಕೈಯಾರೆ ಆದದ್ದು, ಬೇರೆ ಯಾರನ್ನು ಅಂದು ಏನು ಪ್ರಯೋಜನ.

ರಕ್ತ ಭಾಳ ಕಮ್ಮಿ ಐತಿ ಎಂದಿದ್ದರು ಹಿಂದೆ ತಪಾಸಣೆಗೆ ಹೋದಾಗಲೇ ಡಾಕ್ಟರು, ಹೋದ ವರ್ಷದ ಕೂಸು ನಿಲ್ಲಲಿಲ್ಲ, ಇದನ್ನಾದರೂ ಉಳಿಸಿಕೊಳ್ಳಬೇಕಲ್ಲ, ಗುಡೇಕೋಟೆ ಕಡೆಯ ಹುಡುಗಿ ಪ್ರಿಯಾ ಸಿಸ್ಟರ್ ಅರ್ಚನಾಳ ಕೆಳರೆಪ್ಪೆ ಜಗ್ಗಿ ತೋರಿಸಿದಳು, ನೋಡ್ರಿ ಅಮ್ಮಾರ, ಕೆಂಪಗಿರಬೇಕಾದ್ದು ಹೆಂಗ ಬೆಳ್ಳಗ ಐತಿ, ಗುಳಿಗಿ ಬಿಡಬ್ಯಾಡ್ರಿ, ತಪ್ಪಲ ಪಲ್ಯಕ್ಕ ನಿಂಬಿಹಣ್ಣು ಹಿಂಡ್ರಿ, ಉಂಡ ಕೂಡ್ಲೆ ಚಾ ಕೊಡಬ್ಯಾಡ್ರಿ, ಬರೇ ತತ್ತಿಯಿಂದ ರಕ್ತ ಏರಂಗಿಲ್ಲ ಖರೆ, ಆದರ ಮೈಗೆ ಕಸುವು ಬರತೈತಿ, ಕೂಸು ಬೆಳಿಯಾಕ ಬೇಕು, ದಿನಾ ಒಂದು ಕೊಡ್ರಿ — ಮನೆಗೆ ಬಂದು ಇದನ್ನು ಹೇಳಿದಾಗ ಬಟ್ಟೆ ಅಂಗಡಿಗೆ ಹೊರಟಿದ್ದ ಗಂಡ ಗುರುಸಂಗಪ್ಪ ಚಪ್ಪಲಿ ಮೆಟ್ಟುತ್ತಲೇ ಹೇಳಿದ, ತಿನ್ನಲಿ, ಬ್ಯಾಡ ಅನ್ನಂಗಿಲ್ಲ, ಆದರ ಮನಿಯೊಳಗ ಬರಬಾರದು. ತತ್ತಿ ಒಳಗೆ ಬರಲಿಲ್ಲ. ಹಿತ್ತಲಲ್ಲಿ ಕಟ್ಟಿಗೆ ಒಟ್ಟುವ ತಗಡಿನ ಶೆಡ್ಡಿನಲ್ಲಿ ಇಟ್ಟಳು, ಈ ಬಿಸಿಲಲ್ಲಿ, ಬೆಕ್ಕು ಕೂಡ ನೆರಳು ಹುಡುಕಿ ಹೋಗುವ ತಗಡಿನ ಕೆಳಗೆ, ಇಡುವ ಮುಂಚೆ ತೊಳೆದಳು, ಯಾವ ಕೋಳಿಯದೋ ಎಲ್ಲಿ ಬಿದ್ದದ್ದೋ ಎಂದು ಅರಿಶಿನ ನೀರಲ್ಲಿ ಅದ್ದಿ, ಪೂಜೆಯ ತಂಬಿಗೆ ಉಜ್ಜುವ ಹಾಗೆ ಉಜ್ಜಿ, ಒಂದೊಂದನ್ನೂ ಬಟ್ಟೆಯ ಮೇಲೆ ಆರಹಾಕಿದಳು, ತನ್ನ ಮಗಳ ಹೊಟ್ಟೆಗೆ ಹೋಗುವುದು ಮಡಿಯಾಗಿಯೇ ಹೋಗಲಿ ಎಂದು, ಮೂರು ಕಲ್ಲಿನ ಒಲೆ ಹೂಡಿ, ನೀರು ಉಕ್ಕಿದ ಕೂಡಲೇ ಇಳಿಸಿಬಿಡುತ್ತಿದ್ದಳು, ಅದರ ಮುಂದೆ ಹೆಚ್ಚು ಹೊತ್ತು ಕೂರಲು ಜೀವ ಒಪ್ಪುತ್ತಿರಲಿಲ್ಲ, ಒಡೆದರೆ ಹಳದಿ ಇನ್ನೂ ಸೋರುತ್ತಿತ್ತು, ಹಸೀದಿದ್ದರ ಕಸುವು ಜಾಸ್ತಿ ಇರಬೇಕು ಬಿಡು ಎಂದು ತಾನೇ ಅಂದುಕೊಂಡಳು, ಅರ್ಚನಾ ಕಣ್ಣು ಮುಚ್ಚಿ ನುಂಗಿದಳು, ಪಾಪ, ತಾಯಿ ಕೊಟ್ಟದ್ದೆಂದು ನುಂಗಿದಳು.

ವಾಂತಿ, ಭೇದಿ, ಸುಡುವ ಮೈ, ಅವ್ವಾ ಹೊಟ್ಯಾಗ ಕೂಸು ಮಿಸುಗವಲ್ದು ಎಂದಾಗ ಗುರುಬಸಮ್ಮನಿಗೆ ಜೀವ ಬಾಯಿಗೆ ಬಂದಿತ್ತು, ಆಟೋದಲ್ಲಿ ದಾರಿಯುದ್ದಕ್ಕೂ ಮಗಳ ಹೊಟ್ಟೆಯ ಮೇಲಿಟ್ಟ ಕೈ ತೆಗೆಯಲಿಲ್ಲ, ಆಸ್ಪತ್ರೆಯಲ್ಲಿ ಕೂಸಿನ ಎದೆಬಡಿತ ಕೇಳಿಸುವವರೆಗೆ ಉಸಿರು ಬಿಡಲಿಲ್ಲ, ಐತ್ರಿ, ಚಲೋ ಐತಿ ಎಂದಳು ಪ್ರಿಯಾ, ಆಮೇಲೆ ಮೆಲ್ಲಗೆ ಪಕ್ಕಕ್ಕೆ ಕರೆದು ಕೇಳಿದಳು, ಎಲ್ಲಿ ಇಟ್ಟಿದ್ರಿ, ಹೆಂಗ ಕುದಿಸಿದ್ರಿ, ಎಲ್ಲ ಹೇಳಿದಳು ಗುರುಬಸಮ್ಮ, ತೊಳೆದದ್ದನ್ನು ಮಾತ್ರ ಸ್ವಲ್ಪ ಹೆಮ್ಮೆಯಿಂದಲೇ ಹೇಳಿದಳು, ಅದನ್ನು ನೆನೆದರೆ ಈಗ ಮೈ ಮುದುಡುತ್ತದೆ, ಆ ಹುಡುಗಿ ಬೈಯಲಿಲ್ಲ, ಬೈದಿದ್ದರೆ ಹಗುರಾಗುತ್ತಿತ್ತು. ತೊಳದು ಇಡಬಾರದ್ರಿ ಅಮ್ಮಾರ, ಚಿಪ್ಪಿನ ಮ್ಯಾಲೆ ಕಣ್ಣಿಗೆ ಕಾಣದ ಪೊರಿ ಇರತೈತಿ, ಅದು ಹೋದರ ಹೊರಗಿನ ಹೊಲಸು ಒಳಗ ಇಳಿತೈತಿ, ಬ್ಯಾಸಿಗ್ಯಾಗ ಫ್ರಿಜ್ಜಿನಾಗ ಇಡ್ರಿ, ಸೀಳು ಬಿಟ್ಟದ್ದು ತಿಪ್ಪಿಗೆ ಒಗದುಬಿಡ್ರಿ, ಬಸುರಿಗೆ ಹಸೀದು ಅರೆಬೆಂದದ್ದು ಬ್ಯಾಡವೇ ಬ್ಯಾಡ, ಹಳದಿ ಗಟ್ಟಿ ಆಗಬೇಕು. ಅಂದರೆ ಮಡಿ ಮಾಡಿದ್ದೇ ಕೇಡಾಯಿತು, ಒಳಗೆ ಬಿಟ್ಟಿದ್ದರೆ ಕೆಡುತ್ತಿರಲಿಲ್ಲ, ಹೊರಗಿಟ್ಟದ್ದಕ್ಕೇ ಕೆಟ್ಟಿತು, ಇದನ್ನು ಯಾರ ಮುಂದೆ ಹೇಳಿ ಅಳಬೇಕು, ಅತ್ತೆ ಇದ್ದಿದ್ದರೆ ಏನೆನ್ನುತ್ತಿದ್ದಳೋ, ಅಥವಾ ಏನೂ ಅನ್ನುತ್ತಿರಲಿಲ್ಲವೋ, ಮಗಳ ಬಾಣಂತಿತನದಲ್ಲಿ ಆ ಮಗಳನ್ನೇ ಕಳೆದುಕೊಂಡವಳು ಅವಳು.

ಇವತ್ತು ಬೆಳಿಗ್ಗೆ ಗುರುಸಂಗಪ್ಪ ಪೇಪರಿನಲ್ಲಿ ಸುತ್ತಿದ ತತ್ತಿಗಳನ್ನು ತಂದು ಅಡುಗೆ ಕಟ್ಟೆಯ ಮೇಲೇ ಇಟ್ಟ, ಫ್ರಿಜ್ಜಿನ ಕೆಳಗಿನ ಖಾನೆಯಲ್ಲಿದ್ದ ಪೂಜೆಯ ಹಾಲು ಹೂವುಗಳನ್ನು ತಾನೇ ಮೇಲಕ್ಕೆ ಸರಿಸಿದ, ಮುಖ ತೋರಿಸದೆ, ಉಣ್ಣದೆ ಅಂಗಡಿಗೆ ಹೋದ, ಸಿಟ್ಟೋ ಸಂಕಟವೋ, ಇಷ್ಟು ವರ್ಷ ಬಾಳಿದರೂ ಆ ಮನುಷ್ಯನ ಬೆನ್ನು ಓದಲು ಬರುವುದಿಲ್ಲ — ಉರಿ ಸಣ್ಣ ಮಾಡಬೇಕು, ಕುದ್ದ ಮ್ಯಾಲೆ ಹತ್ತು ಹನ್ನೆರಡು ನಿಮಿಷ ಬಿಡ್ರಿ ಎಂದಿದ್ದಳು ಪ್ರಿಯಾ, ಗುರುಬಸಮ್ಮ ಗಡಿಯಾರ ನೋಡಿ ಅಡುಗೆ ಮಾಡಿದವಳಲ್ಲ, ಅನ್ನಕ್ಕಿಷ್ಟು ಬೇಳೆಗಿಷ್ಟು ಎಂದು ಬೆರಳ ಗೆರೆಗಳ ಮೇಲೆ ಪಂಚಾಕ್ಷರಿ ಎಣಿಸಿ ಇಳಿಸುವವಳು, ನಮಃ ಶಿವಾಯ, ನಮಃ ಶಿವಾಯ, ಅಯ್ಯೋ, ತುಟಿ ಆಗಲೇ ಆಡುತ್ತಿದೆ, ತತ್ತಿಯ ಮುಂದೆ, ನಿಲ್ಲಿಸಬೇಕು, ನಿಲ್ಲಿಸಿದರೆ ಲೆಕ್ಕ ತಪ್ಪುತ್ತದೆ, ಲೆಕ್ಕ ತಪ್ಪಿದರೆ ಹಸಿ ಉಳಿಯುತ್ತದೆ, ಹಸಿ ಉಳಿದರೆ ಮತ್ತೆ ಆ ಆಟೋ, ಆ ಮಿಸುಕದ ಹೊಟ್ಟೆ, ನಮಃ ಶಿವಾಯ ಎಂದು ಗಟ್ಟಿಯಾಗಿಯೇ ಎಣಿಸಿದಳು, ಕಣ್ಣಲ್ಲಿ ನೀರು ಇಳಿಯಿತು, ಕರಡಿಗೆಯನ್ನು ಮತ್ತೆ ಎದೆಯ ಮೇಲಕ್ಕೆ ತಂದುಕೊಂಡಳು, ನೋಡಪ್ಪಾ, ಇದನ್ನೂ ನೀನೇ ನೋಡು. ಇಳಿಸಿ ತಣ್ಣೀರಿಗೆ ಹಾಕಿದಳು, ಸಿಪ್ಪೆ ಹೋಳು ಹೋಳಾಗಿ ಬಂತು, ಚಾಕು ಇಟ್ಟು ಎರಡು ಮಾಡಿದಳು, ಹಳದಿ ಸೋರಲಿಲ್ಲ.

ಅರ್ಚನಾ ಎದ್ದು ಗೋಡೆಗೆ ಒರಗಿ ಕುಳಿತಳು, ಉಪ್ಪು ಮೆಣಸಿನಪುಡಿ ಉದುರಿಸಿದ ತಟ್ಟೆಯನ್ನು ನೋಡಲಿಲ್ಲ, ತಾಯಿಯ ಮುಖವನ್ನೇ ನೋಡಿದಳು, ಬಾ ಇಲ್ಲಿ ಎಂದು ಹತ್ತಿರ ಕರೆದು, ಏನು ಮಾಡುತ್ತಿದ್ದಾಳೆಂದು ತಿಳಿಯುವಷ್ಟರಲ್ಲಿ ತಣ್ಣನೆಯ ಹೆಬ್ಬೆರಳಿನಿಂದ ಗುರುಬಸಮ್ಮನ ಕೆಳರೆಪ್ಪೆ ಜಗ್ಗಿದಳು, ನಿಂದೂ ಬೆಳ್ಳಗ ಐತೆಲ್ಲಬೇ ಅವ್ವಾ — ಹುಚ್ಚಿ, ನನಗೇನಾಗೈತಿ, ಇಷ್ಟು ವರ್ಷ ಚಲೋನ ಇದ್ದೀನಲ್ಲ — ಇಷ್ಟು ವರ್ಷ ಯಾರರ ಜಗ್ಗಿ ನೋಡ್ಯಾರೇನು? ಯಾರೂ ನೋಡಿಲ್ಲ, ಬೆಳಿಗ್ಗೆ ಎದ್ದಾಗ ಬರುವ ಕಣ್ಣುಕತ್ತಲೆ ಉಪವಾಸದ್ದೆಂದು, ಮೆಟ್ಟಿಲು ಹತ್ತುವಾಗಿನ ಏದುಸಿರು ವಯಸ್ಸಿನದ್ದೆಂದು, ತಾನೂ ನೋಡಿಕೊಂಡಿಲ್ಲ, ಎರಡು ಹೆತ್ತಳು, ಮನೆಯವರೆಲ್ಲ ಉಂಡ ಮೇಲೆ ತಳ ಕೆರೆದು ಉಂಡಳು, ಮಗಳಿಗಾಗಿ ತತ್ತಿ ಮುಟ್ಟಿದ್ದು ಬೇರೆ, ತಾನೇ ತಿನ್ನುವುದು ಬೇರೆ, ದೀಕ್ಷೆ ತಗೊಂಡ ಬಾಯಿ ಇದು, ಆಗಂಗಿಲ್ಲವ್ವಾ ನನಗ, ಆಗಂಗಿಲ್ಲ, ನೀ ತಿನ್ನು — ಅರ್ಚನಾ ತಿನ್ನಲಿಲ್ಲ, ತಟ್ಟೆಯಿಂದ ಒಂದು ಹೋಳು ಎತ್ತಿ ಅಂಗೈ ಮೇಲಿಟ್ಟು ಮುಂದೆ ಚಾಚಿದಳು, ನೀಲಿಗಟ್ಟಿದ ಕೈ, ಬಲವಿಲ್ಲದ ಕೈ, ಇಳಿಸವ್ವಾ ಕೈ ನೋಯತೈತಿ ಎಂದಳು ಗುರುಬಸಮ್ಮ, ಮಗಳು ಇಳಿಸುತ್ತಿಲ್ಲ, ಅಂಗೈ ಮೇಲೆ ಅರ್ಧ ತತ್ತಿ, ಅಂಚಿಗೆ ಅಂಟಿದ ಉಪ್ಪು, ಕೊರಳಲ್ಲಿ ಶಿವ, ದಿನಾ ಅವನನ್ನು ಇಟ್ಟು ಪೂಜಿಸುವುದೂ ಹೀಗೇ ಅಂಗೈ ಮೇಲೆ, ಮುಂದೆ ಅಂಗೈ, ಎಲ್ಲಿ ನೋಡಿದರೂ ಅಂಗೈ, ಇಳಿಯದ ಅಂಗೈ, ಅದರ ಮೇಲೆ ಅರ್ಧ ತತ್ತಿ —